ಟ್ರೈಪಾಡ್, ಕ್ಯಾಮೆರಾ, ಗಡಿಯಾರ: ಡೆಲ್ಟಾ ಸೆಫೈ ನಕ್ಷತ್ರದ ದೂರ ಅಳೆದ ದಾಖಲೆ

ಮೊದಲ ಎರಡು ವಾರದ ಅಳತೆಯನ್ನೆಲ್ಲ ಎಸೆಯಬೇಕಾಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ. ಈ ಕೆಲಸದಲ್ಲಿ ಕಷ್ಟ ಎಲ್ಲಿ ಅಡಗಿದೆ ಅನ್ನುವುದು ನನಗೆ ಗೊತ್ತಾದದ್ದೇ ಅಲ್ಲಿ.

ಕೆಲಸ ಇಷ್ಟೇ. ಸೆಫಿಯಸ್ ನಕ್ಷತ್ರಪುಂಜದಲ್ಲಿ ಡೆಲ್ಟಾ ಸೆಫೈ ಅಂತ ಒಂದು ನಕ್ಷತ್ರ ಇದೆ, ಬರಿಗಣ್ಣಿಗೇ ಕಾಣುತ್ತದೆ. ಅದು ಉಸಿರಾಡುವ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ, ಅದರ ಜೊತೆಗೆ ಹೊಳಪೂ ಏರಿಳಿಯುತ್ತದೆ. ಇಂಥ ನಕ್ಷತ್ರಗಳಿಗೆ ಸೆಫೀಡ್ ಅನ್ನುವ ಹೆಸರು ಬಂದದ್ದೇ ಇದರಿಂದ. ಒಂದು ಏರಿಳಿತಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ಗೊತ್ತಾದರೆ ಆ ನಕ್ಷತ್ರ ನಿಜಕ್ಕೂ ಎಷ್ಟು ಪ್ರಖರ ಅಂತ ಹೇಳಬಹುದು. ನಿಧಾನವಾಗಿ ಮಿಡಿಯುವುದು ಜಾಸ್ತಿ ಪ್ರಖರ, ಬೇಗ ಬೇಗ ಮಿಡಿಯುವುದು ಕಡಿಮೆ ಪ್ರಖರ. ನಿಜವಾದ ಪ್ರಖರತೆ ಗೊತ್ತು, ನಮ್ಮ ಕಣ್ಣಿಗೆ ಕಾಣುವ ಹೊಳಪೂ ಗೊತ್ತು ಅಂದಮೇಲೆ ದೂರ ಲೆಕ್ಕ ಹಾಕುವುದು ಎರಡು ಸಾಲಿನ ಕೆಲಸ. ಇದನ್ನು ಎಷ್ಟೋ ವರ್ಷದಿಂದ ಓದುತ್ತಾ ಬಂದಿದ್ದೆ. ಓದಿ ಒಪ್ಪಿಕೊಳ್ಳುವುದು ಬೇರೆ, ನಾನೇ ಅಳೆದು ನೋಡುವುದು ಬೇರೆ ಅಲ್ವಾ? ಅದಕ್ಕೇ ಇಳಿದೆ.

ಸಾಮಾನು ಜಾಸ್ತಿ ಇಲ್ಲ. ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಮಿಲಿಮೀಟರ್ ಲೆನ್ಸ್, ಟ್ರೈಪಾಡ್, ಕೈ ತಾಗಿಸದೆ ಫೋಟೋ ತೆಗೆಯಲು ತಂತಿಯ ರಿಮೋಟ್. ದೂರದರ್ಶಕ ಬೇಡ. ನಕ್ಷತ್ರವನ್ನು ಹಿಂಬಾಲಿಸುವ ಮೋಟರ್ ಕೂಡ ಬೇಡ, ಅದಕ್ಕೆ ಲೆಕ್ಕ ಇದೆ. ಡೆಲ್ಟಾ ಸೆಫೈ ಇರುವುದು ಧ್ರುವದ ಕಡೆಗೆ, ಹಾಗಾಗಿ ಆಕಾಶ ಅಲ್ಲಿ ನಿಧಾನವಾಗಿ ತಿರುಗುತ್ತದೆ, ಸೆಕೆಂಡಿಗೆ ಸುಮಾರು 8 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ನನ್ನ ಕ್ಯಾಮೆರಾ ಮತ್ತು ಲೆನ್ಸ್ ಜೋಡಿಯಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 18 ಆರ್ಕ್‌ಸೆಕೆಂಡ್. 6 ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟರೆ ನಕ್ಷತ್ರ ಮೂರು ಪಿಕ್ಸೆಲ್ ಕೂಡ ಸರಿಯುವುದಿಲ್ಲ. ಅಷ್ಟು ಸರಿದರೆ ಏನೂ ತೊಂದರೆ ಇಲ್ಲ.

1ರಿಂದ 14ನೇ ರಾತ್ರಿ: ಜೆಪೆಗ್ ಮಾಡಿದ ಮೋಸ

ನಕ್ಷತ್ರದ ಹೊಳಪನ್ನು ಕಾಂತಿಮಾನದಲ್ಲಿ ಹೇಳುತ್ತಾರೆ. ಅಂಕಿ ಸಣ್ಣದಾದಷ್ಟೂ ಹೊಳಪು ಜಾಸ್ತಿ, 5 ಕಾಂತಿಮಾನದ ವ್ಯತ್ಯಾಸ ಅಂದರೆ 100 ಪಟ್ಟು ಬೆಳಕು. ಡೆಲ್ಟಾ ಸೆಫೈ 3.48ರಿಂದ 4.37ರವರೆಗೆ ಓಡಾಡುತ್ತದೆ. ಪಕ್ಕದಲ್ಲೇ ಹೋಲಿಕೆಗೆ ಹೇಳಿ ಮಾಡಿಸಿದ ಹಾಗೆ ಇನ್ನೆರಡು ನಕ್ಷತ್ರ ಇವೆ: ಝೀಟಾ ಸೆಫೈ, ಕಾಂತಿಮಾನ 3.35, ಮತ್ತು ಎಪ್ಸಿಲಾನ್ ಸೆಫೈ, 4.19. ಮೂರೂ ಸೇರಿ ಒಂದು ಪುಟ್ಟ ತ್ರಿಕೋನ. ಡೆಲ್ಟಾ ತುಂಬಾ ಹೊಳೆಯುವಾಗ ಝೀಟಾ ಹತ್ತಿರಕ್ಕೆ ಬರುತ್ತದೆ, ಮಂಕಾದಾಗ ಎಪ್ಸಿಲಾನ್‌ಗಿಂತಲೂ ಕೆಳಗೆ ಇಳಿಯುತ್ತದೆ. ಯಾವ ಸಲಕರಣೆಯೂ ಇಲ್ಲದೆ, ಒಂದು ವಾರ ಸುಮ್ನೆ ದಿನಾ ತಲೆಯೆತ್ತಿ ನೋಡಿದರೂ ಇದು ಗೊತ್ತಾಗುತ್ತದೆ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜಾನ್ ಗುಡ್‌ರಿಕ್ 1784ರಲ್ಲಿ ಇದನ್ನು ಪತ್ತೆ ಮಾಡಿದ್ದು ಇಂಥದೇ ಹೋಲಿಕೆಯಿಂದ. ಆಗ ಅವನಿಗೆ ಇಪ್ಪತ್ತು ವರ್ಷ, ಕಿವಿ ಕೇಳುತ್ತಿರಲಿಲ್ಲ. ಇಪ್ಪತ್ತೊಂದಕ್ಕೆ ತೀರಿಕೊಂಡ.

ನಾನು ಎರಡು ವಾರ ಜೆಪೆಗ್ ಫೋಟೋ ತೆಗೆದೆ. ಅಳೆದಾಗ ಡೆಲ್ಟಾದ ಏರಿಳಿತ 0.4 ಕಾಂತಿಮಾನ ಬಂತು. 0.9 ಬರಬೇಕಿತ್ತು. ಮೊದಲು ಮೋಡದ ಮೇಲೆ ಅನುಮಾನ, ಆಮೇಲೆ ಬೀದಿದೀಪದ ಮೇಲೆ. ಕೊನೆಗೆ ಒಂದು ದಿನ ಡೆಲ್ಟಾವನ್ನು ಬದಿಗಿಟ್ಟು, ಹೆಚ್ಚೂ ಕಡಿಮೆ ಬದಲಾಗದ ಆ ಎರಡು ನಕ್ಷತ್ರಗಳನ್ನೇ ಒಂದರ ಎದುರು ಒಂದು ಇಟ್ಟು ಅಳೆದೆ. ಝೀಟಾ ಮತ್ತು ಎಪ್ಸಿಲಾನ್ ನಡುವೆ 0.84 ವ್ಯತ್ಯಾಸ ಇರಬೇಕು. ನನಗೆ ಬಂದದ್ದು 0.38. ಡೆಲ್ಟಾ ಎಷ್ಟು ಪಾಲು ಕುಗ್ಗಿತ್ತೋ ಇದೂ ಅಷ್ಟೇ ಪಾಲು ಕುಗ್ಗಿತ್ತು. ಅಂದರೆ ತಪ್ಪು ಆಕಾಶದಲ್ಲಿಲ್ಲ, ಫೈಲ್‌ನಲ್ಲಿದೆ.

ಜೆಪೆಗ್ ಮಾಡುವಾಗ ಕ್ಯಾಮೆರಾ ಬೆಳಕಿನ ಅಂಕಿಗಳನ್ನು ನಮ್ಮ ಕಣ್ಣಿಗೆ ಹಿತವಾಗುವ ಹಾಗೆ ಬಗ್ಗಿಸುತ್ತದೆ, ಮಂಕಾದದ್ದನ್ನು ಮೇಲೆತ್ತುತ್ತದೆ, ಹೊಳೆಯುವುದನ್ನು ಅದುಮುತ್ತದೆ. ಸ್ಥೂಲವಾಗಿ ಹೇಳಬೇಕೆಂದರೆ ಬೆಳಕಿನ ಮೇಲೆ 2.2ರ ಮೂಲ ತೆಗೆದ ಹಾಗೆ. 0.9ನ್ನು 2.2ರಿಂದ ಭಾಗಿಸಿ ನೋಡಿ, 0.41. 0.84ನ್ನು ಭಾಗಿಸಿ, 0.38. ನನ್ನ ಅಂಕಿಗಳು ಅಷ್ಟೇ. ಆ ಎರಡು ವಾರದ ಫೋಟೋಗಳಿಗೆ ರಾ ಫೈಲ್, ಅಂದರೆ ಹೀಗೆ ಬಗ್ಗಿಸುವ ಮುಂಚಿನ ಮೂಲ ಅಂಕಿಗಳ ಫೈಲ್, ಇರಲಿಲ್ಲ, ಹಾಗಾಗಿ ಎಲ್ಲವನ್ನೂ ಬಿಟ್ಟೆ. 2.2ರಿಂದ ಗುಣಿಸಿ ಸರಿಮಾಡಿಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಕ್ಯಾಮೆರಾದ ವಕ್ರರೇಖೆ ನಿಜಕ್ಕೂ ಅಷ್ಟು ಸರಳ ಇರುವುದಿಲ್ಲ, ಅದರ ಮೇಲೆ ಕಟ್ಟಿದ ದೂರವನ್ನು ನಾನು ನಂಬುತ್ತಿರಲಿಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ರಾತ್ರಿ ಡೆಲ್ಟಾ ಅಳೆಯುವ ಮುಂಚೆ ಝೀಟಾ ಮತ್ತು ಎಪ್ಸಿಲಾನ್ ನಡುವಿನ ವ್ಯತ್ಯಾಸ ಅಳೆಯುತ್ತೇನೆ. ಅದು ಸರಿ ಬರದ ರಾತ್ರಿ ಡೆಲ್ಟಾದ ಅಂಕಿಯನ್ನು ಬರೆದುಕೊಳ್ಳುವುದೇ ಇಲ್ಲ.

15ನೇ ರಾತ್ರಿ: ಬೇಕೆಂದೇ ಮಸುಕು

ರಾ ಫೈಲ್‌ಗೆ ಬಂದಮೇಲೆ ಇನ್ನೊಂದು ಸಮಸ್ಯೆ. ಫೋಕಸ್ ಸರಿಯಾಗಿ ಕೂರಿಸಿದರೆ ನಕ್ಷತ್ರದ ಬೆಳಕೆಲ್ಲ ನಾಲ್ಕೈದು ಪಿಕ್ಸೆಲ್‌ಗೆ ಬೀಳುತ್ತದೆ, ಆ ಪಿಕ್ಸೆಲ್‌ಗಳು ತುಂಬಿ ಹೋಗುತ್ತವೆ. ನನ್ನದು 14 ಬಿಟ್ ಕ್ಯಾಮೆರಾ, 16383 ಅದರ ಗರಿಷ್ಠ ಅಂಕಿ. ಝೀಟಾದ ನಡುವಿನ ಪಿಕ್ಸೆಲ್‌ಗಳನ್ನು ನೋಡಿದರೆ ಪ್ರತಿ ಫೋಟೋದಲ್ಲೂ ಆ ಮಿತಿಗೇ ಅಂಟಿಕೊಂಡಿದ್ದವು. ತುಂಬಿದ ಕೊಡಕ್ಕೆ ಇನ್ನೂ ನೀರು ಹಾಕಿದರೆ ಹೊರಗೆ ಚೆಲ್ಲುತ್ತದೆ, ಎಷ್ಟು ಹಾಕಿದೆವು ಅಂತ ಕೊಡ ನೋಡಿ ಹೇಳಲಾಗದು. ಹಾಗೇ.

ಅದಕ್ಕೆ ಲೆನ್ಸನ್ನು ಸ್ವಲ್ಪ ತಿರುಗಿಸಿ ನಕ್ಷತ್ರ ಒಂದು ಪುಟ್ಟ ಬಿಲ್ಲೆಯ ಹಾಗೆ, ಸುಮಾರು 12 ಪಿಕ್ಸೆಲ್ ಅಗಲ ಕಾಣುವಂತೆ ಮಾಡಿದೆ. ಆಮೇಲೆ ಫೋಕಸ್ ಉಂಗುರಕ್ಕೆ ಟೇಪ್ ಸುತ್ತಿದೆ, ಕತ್ತಲಲ್ಲಿ ಕೈ ತಾಗಿ ಅಲುಗಬಾರದು ಅಂತ. ಲೆನ್ಸ್ ಎಫ್ 4, ಐಎಸ್‌ಒ 400, 6 ಸೆಕೆಂಡ್. ಈಗ ಯಾವ ಪಿಕ್ಸೆಲ್ಲೂ 3000 ದಾಟುವುದಿಲ್ಲ. ಮಸುಕಾದ ಫೋಟೋ ನೋಡಲು ಚೆನ್ನಾಗಿಲ್ಲ, ಅಳೆಯಲು ಮಾತ್ರ ಇದೇ ಸರಿ.

ರಾ ಫೈಲ್‌ನಲ್ಲಿ ಕೆಂಪು, ಹಸಿರು, ನೀಲಿ ಪಿಕ್ಸೆಲ್‌ಗಳು ಬೇರೆ ಬೇರೆ ಇರುತ್ತವೆ. ಅದರಲ್ಲಿ ಹಸಿರನ್ನು ಮಾತ್ರ ತೆಗೆದುಕೊಂಡೆ, ಖಗೋಳದವರು ಬಳಸುವ ವಿ ಫಿಲ್ಟರ್‌ಗೆ ಅದು ಹತ್ತಿರ. ನಕ್ಷತ್ರದ ಸುತ್ತ ಒಂದು ವೃತ್ತ ಹಾಕಿ ಒಳಗಿನ ಅಂಕಿಗಳನ್ನೆಲ್ಲ ಕೂಡುವುದು, ಅದರ ಹೊರಗೆ ಒಂದು ಉಂಗುರ ಹಾಕಿ ಖಾಲಿ ಆಕಾಶದ ಬೆಳಕು ಎಷ್ಟಿದೆ ನೋಡಿ ಕಳೆಯುವುದು. ಇಷ್ಟೇ ಅಳತೆ. ಒಂದೇ ಫೋಟೋ ಸಾಲದು. ನಕ್ಷತ್ರ ಮಿನುಗುವುದರಿಂದ ಒಂದೊಂದು ಫೋಟೋದಲ್ಲೂ ಅಂಕಿ 0.03ರಷ್ಟು ಹೊಯ್ದಾಡುತ್ತದೆ. 20 ಫೋಟೋ ತೆಗೆದು ಸರಾಸರಿ ಮಾಡಿದರೆ 0.01ರ ಒಳಗೆ ಬರುತ್ತದೆ. ತ್ರಿಕೋನವನ್ನು ಪ್ರತಿ ಸಲ ಫೋಟೋದ ನಟ್ಟನಡುವೆ ಇಡಿ, ಮೂಲೆಗಳಲ್ಲಿ ಲೆನ್ಸ್ ಬೆಳಕು ಕಡಿಮೆ ಬಿಡುತ್ತದೆ.

ಹೀಗೆಲ್ಲ ಮಾಡಿದ ಮೇಲೆ ಝೀಟಾ ಮತ್ತು ಎಪ್ಸಿಲಾನ್ ನಡುವಿನ ವ್ಯತ್ಯಾಸ 0.76 ಬಂತು. 0.38ಕ್ಕೆ ಹೋಲಿಸಿದರೆ ಎಷ್ಟೋ ವಾಸಿ, ಆದರೂ 0.08 ಕಡಿಮೆ. ಇದು ಬಣ್ಣದಿಂದ ಬಂದದ್ದು. ಝೀಟಾ ಕಿತ್ತಳೆ ಬಣ್ಣದ ನಕ್ಷತ್ರ, ಎಪ್ಸಿಲಾನ್ ಬಿಳಿ. ಕ್ಯಾಮೆರಾದ ಹಸಿರು, ವಿ ಫಿಲ್ಟರ್‌ಗಿಂತ ಸ್ವಲ್ಪ ನೀಲಿಯ ಕಡೆ ವಾಲಿರುತ್ತದೆ, ಹಾಗಾಗಿ ಕಿತ್ತಳೆ ನಕ್ಷತ್ರ ಇರುವುದಕ್ಕಿಂತ ಮಂಕಾಗಿ ಕಾಣುತ್ತದೆ. ಖಗೋಳದವರು ಬಣ್ಣವನ್ನೂ ಅಂಕಿಯಲ್ಲೇ ಹೇಳುತ್ತಾರೆ, ನೀಲಿ ಫಿಲ್ಟರ್‌ನ ಕಾಂತಿಮಾನದಿಂದ ವಿ ಫಿಲ್ಟರ್‌ನದನ್ನು ಕಳೆದು. ಹಾಗೆ ನೋಡಿದರೆ ಇಬ್ಬರ ಬಣ್ಣದ ಅಂತರ ಸುಮಾರು 1.29, ಅಂದರೆ ಒಂದು ಅಂಶ ಬಣ್ಣಕ್ಕೆ 0.06 ತಿದ್ದುಪಡಿ. ಡೆಲ್ಟಾದ ಬಣ್ಣ ಎಪ್ಸಿಲಾನ್‌ಗೆ ಹತ್ತಿರ, ಅಂತರ ಸರಾಸರಿ 0.4 ಇರಬಹುದು. ಹಾಗಾಗಿ ಎಪ್ಸಿಲಾನ್ ಜೊತೆ ಹೋಲಿಸಿದರೆ ತಿದ್ದುಪಡಿ ಬರೀ 0.02. ಝೀಟಾ ಜೊತೆ ಹೋಲಿಸಿದ್ದರೆ ಇದರ ಎರಡು ಪಟ್ಟು ದಾಟುತ್ತಿತ್ತು. ಹೋಲಿಕೆಯ ನಕ್ಷತ್ರ ಆರಿಸುವಾಗ ಹೊಳಪಷ್ಟೇ ನೋಡಬೇಡಿ, ಬಣ್ಣವನ್ನೂ ನೋಡಿ. ಅದು ತಾನೇ ಬದಲಾಗುವ ನಕ್ಷತ್ರ ಅಲ್ಲವೇ ಅಂತಲೂ ನೋಡಿಕೊಳ್ಳಿ. ಇದೇ ಪುಂಜದ ಮ್ಯೂ ಸೆಫೈ ಕಡುಕೆಂಪಾಗಿ ಚೆಂದ ಕಾಣುತ್ತದೆ, ಆದರೆ ಅದರ ಹೊಳಪೂ ಬದಲಾಗುತ್ತಿರುತ್ತದೆ, ಹೋಲಿಕೆಗೆ ಬರುವುದಿಲ್ಲ.

23ನೇ ರಾತ್ರಿ: ಇಬ್ಬನಿ

ಅವತ್ತು ಒಂದು ಗಂಟೆಯೊಳಗೆ ಎಪ್ಸಿಲಾನ್‌ನ ಎಣಿಕೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಕಾಶ ಸ್ವಚ್ಛವಾಗಿತ್ತು. ಟಾರ್ಚ್ ಹಾಕಿ ನೋಡಿದರೆ ಲೆನ್ಸ್ ಮೇಲೆ ಇಬ್ಬನಿ ಕೂತಿದೆ. ಮೂರೂ ನಕ್ಷತ್ರ ಒಟ್ಟಿಗೆ ಮಂಕಾಗುವುದರಿಂದ ಹೋಲಿಕೆಗೆ ತೊಂದರೆ ಆಗಬಾರದು ಅಂತ ಅಂದುಕೊಂಡಿದ್ದೆ. ಅಂಕಿಗಳು ಬೇರೆಯೇ ಹೇಳಿದವು: ಇಬ್ಬನಿ ಲೆನ್ಸ್ ಮೇಲೆ ಒಂದೇ ಸಮ ಕೂರುವುದಿಲ್ಲ, ನಕ್ಷತ್ರದ ಬಿಲ್ಲೆ ಹರಡಿಕೊಂಡು ವೃತ್ತದಿಂದ ಆಚೆ ಹೋಗುತ್ತದೆ, ಝೀಟಾ ಎಪ್ಸಿಲಾನ್ ವ್ಯತ್ಯಾಸ ಹತ್ತು ನಿಮಿಷದಲ್ಲಿ 0.05 ಜಾರಿತು.

ಒರೆಸಿದರೆ ಮತ್ತೆ ಕೂರುತ್ತದೆ. ಲೆನ್ಸನ್ನು ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗೆ ಇಟ್ಟರೆ ಸಾಕು, ಕೂರುವುದೇ ಇಲ್ಲ. ಮರುದಿನ ಒಂದು ಬೆಚ್ಚನೆಯ ಪಟ್ಟಿ ಮಾಡಿದೆ. 120 ಓಮ್‌ನ ಹತ್ತು ರೆಸಿಸ್ಟರ್, ಕಾಲು ವ್ಯಾಟ್‌ನವು. ಎರಡು ತಂತಿಗಳನ್ನು ಏಣಿಯ ಕಂಬಗಳ ಹಾಗೆ ಇಟ್ಟು, ರೆಸಿಸ್ಟರ್‌ಗಳನ್ನು ಮೆಟ್ಟಿಲುಗಳ ಹಾಗೆ ಬೆಸುಗೆ ಹಾಕಿದೆ. ಹೀಗೆ ಸಮಾಂತರವಾಗಿ ಜೋಡಿಸಿದರೆ ಒಟ್ಟು 12 ಓಮ್. ಪವರ್ ಬ್ಯಾಂಕಿನ 5 ವೋಲ್ಟ್‌ಗೆ 0.42 ಆಂಪಿಯರ್ ಎಳೆಯುತ್ತದೆ, ಸುಮಾರು 2 ವ್ಯಾಟ್ ಬಿಸಿ. ಒಂದೊಂದು ರೆಸಿಸ್ಟರಿನ ಮೇಲೆ 0.21 ವ್ಯಾಟ್ ಬೀಳುತ್ತದೆ, ಅದರ ಮಿತಿ 0.25. ಮೊದಲು 100 ಓಮ್‌ನವು ಹಾಕೋಣ ಅಂತಿದ್ದೆ. ಲೆಕ್ಕ ಹಾಕಿದರೆ ಸರಿಯಾಗಿ 0.25ಕ್ಕೇ ಬರುತ್ತಿತ್ತು, ರಾತ್ರಿಯಿಡೀ ಮಿತಿಯ ಮೇಲೇ ಓಡಿಸುವುದು ಬೇಡ ಅನ್ನಿಸಿತು. ಬೆಸುಗೆಯ ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ, ಅದರ ಮೇಲೆ ದಪ್ಪ ಬಟ್ಟೆ, ತುದಿಗೆ ವೆಲ್ಕ್ರೋ. ಲೆನ್ಸ್‌ನ ಮುಂಭಾಗಕ್ಕೆ ಸುತ್ತಿ, ಫೋಟೋ ಶುರು ಮಾಡುವ ಅರ್ಧ ಗಂಟೆ ಮೊದಲೇ ಹಾಕಿಡುತ್ತೇನೆ. ಲೆನ್ಸ್ ಬೆಚ್ಚಗಾದಾಗ ಫೋಕಸ್ ಸ್ವಲ್ಪ ಜರುಗುತ್ತದೆ, ಅದು ನಿಂತಮೇಲೆ ಅಳೆಯುವುದು ಒಳ್ಳೆಯದು. ಅಲ್ಲಿಂದಾಚೆ ಇಬ್ಬನಿಯಿಂದ ಒಂದು ರಾತ್ರಿಯೂ ಹಾಳಾಗಿಲ್ಲ.

52ನೇ ರಾತ್ರಿ: ಒಂದು ನಕ್ಷತ್ರ, ಮೂರು ಅವಧಿ

ಇಷ್ಟು ಹೊತ್ತಿಗೆ 27 ಒಳ್ಳೆಯ ರಾತ್ರಿಗಳ ಅಂಕಿ ಕೈಯಲ್ಲಿತ್ತು. ಪುಸ್ತಕದಲ್ಲಿ ಬರೆದಿಟ್ಟದ್ದನ್ನು ತಿರುವಿ ಹಾಕುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. 16 ದಿನಕ್ಕೊಮ್ಮೆ, ಹೆಚ್ಚೂ ಕಡಿಮೆ ಅದೇ ಸಂಜೆಯ ಹೊತ್ತಿಗೆ, ಅದೇ ಹೊಳಪು ಮರಳಿ ಬರುತ್ತಿತ್ತು. 16 ದಿನದಲ್ಲಿ ಮೂರು ಸುತ್ತು ಅಂದರೆ 5.33. ಆ ಸಂಜೆ ತುಂಬಾ ಖುಷಿಯಾಗಿತ್ತು.

ಸರಿಯಾಗಿ ಮಾಡಬೇಕಲ್ಲ, ಅದಕ್ಕೆ ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಕೆಲಸ ಹೀಗೆ: ಒಂದು ಅವಧಿಯನ್ನು ಊಹೆ ಮಾಡು. ಪ್ರತಿ ಅಳತೆಯ ಸಮಯವನ್ನು ಅದರಿಂದ ಭಾಗಿಸು. ಪೂರ್ಣಾಂಕ ಬಿಟ್ಟು ದಶಮಾಂಶದ ಭಾಗ ಮಾತ್ರ ಇಟ್ಟುಕೋ. ಉದಾಹರಣೆಗೆ ಮೊದಲ ಅಳತೆಯಿಂದ 33.4 ದಿನ ಆದಮೇಲೆ ತೆಗೆದ ಅಳತೆ ಇದೆ ಅಂದುಕೊಳ್ಳಿ. 5.366ರಿಂದ ಭಾಗಿಸಿದರೆ 6.224. ಆರು ಪೂರ್ತಿ ಸುತ್ತು ಮುಗಿದು, ಏಳನೆಯದರಲ್ಲಿ 0.224 ಭಾಗ ಆಗಿದೆ. ಹೀಗೆ ಎಲ್ಲ ಅಳತೆಗಳನ್ನೂ ಒಂದೇ ಸುತ್ತಿನೊಳಗೆ ಮಡಚಿ, ಸಾಲಾಗಿ ಜೋಡಿಸಿ, ಅಕ್ಕಪಕ್ಕದ ಎರಡು ಅಳತೆಗಳ ನಡುವಿನ ವ್ಯತ್ಯಾಸದ ವರ್ಗಗಳನ್ನು ಕೂಡು. ಅವಧಿ ಸರಿ ಇದ್ದರೆ ಚುಕ್ಕೆಗಳು ಒಂದು ನಯವಾದ ಗೆರೆಯಾಗಿ ಕೂರುತ್ತವೆ, ಮೊತ್ತ ಸಣ್ಣದಾಗುತ್ತದೆ. ತಪ್ಪಿದ್ದರೆ ಚೆಲ್ಲಾಪಿಲ್ಲಿ. ಲಾಫ್ಲರ್ ಮತ್ತು ಕಿನ್‌ಮನ್ 1965ರಲ್ಲಿ ಕೊಟ್ಟ ದಾರಿ ಇದು, ಈಗಲೂ ಸೊಗಸಾಗಿ ಕೆಲಸ ಮಾಡುತ್ತದೆ. ಅರ್ಧ ದಿನದಿಂದ 20 ದಿನದವರೆಗೆ ಎಲ್ಲ ಅವಧಿಗಳನ್ನೂ ಹೀಗೆ ಪರೀಕ್ಷಿಸಿದೆ.

ಮೊತ್ತ ಸಣ್ಣದಾದದ್ದು ಮೂರು ಕಡೆ: 5.37 ದಿನ, 1.229 ದಿನ, 0.843 ದಿನ. ಮೂರೂ ಹೆಚ್ಚೂ ಕಡಿಮೆ ಒಂದೇ ಆಳ. ಮೂರರಲ್ಲೂ ಚುಕ್ಕೆಗಳು ನಯವಾದ ಗೆರೆ ಮೇಲೆ ಕೂತಿದ್ದವು.

ಈ ಹಂತದಲ್ಲಿ ಸ್ವಲ್ಪ ನಿಂತು ಯೋಚಿಸುವುದು ಒಳ್ಳೆಯದು. ನಾನು ದಿನಾ ಸಂಜೆ ಒಂದೇ ಹೊತ್ತಿಗೆ ಫೋಟೋ ತೆಗೆಯುತ್ತಿದ್ದೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ ಆಚೀಚೆ. ದಿನಕ್ಕೊಮ್ಮೆ ಮಾತ್ರ ಕಣ್ಣು ಬಿಟ್ಟು ನೋಡುವವನಿಗೆ, ನಡುವಿನ 24 ಗಂಟೆಯಲ್ಲಿ ನಕ್ಷತ್ರ ಒಂದು ಪೂರ್ತಿ ಸುತ್ತು ಜಾಸ್ತಿ ಹಾಕಿದ್ದರೂ ಗೊತ್ತಾಗುವುದಿಲ್ಲ. 5.366 ದಿನಕ್ಕೆ ಒಂದು ಸುತ್ತು ಅಂದರೆ ದಿನಕ್ಕೆ 0.186 ಸುತ್ತು. ಅದಕ್ಕೆ ಒಂದು ಸೇರಿಸಿದರೆ 1.186, ಅಂದರೆ 0.843 ದಿನದ ಅವಧಿ. ಒಂದರಿಂದ ಅದನ್ನು ಕಳೆದರೆ 0.814, ಅಂದರೆ 1.229 ದಿನದ ಅವಧಿ. ಮೂರೂ ನನ್ನ ಅಂಕಿಗಳಿಗೆ ಒಪ್ಪುತ್ತವೆ. 16 ದಿನಕ್ಕೆ ಮೂರು ಸುತ್ತು ಅಂತ ಖುಷಿಪಟ್ಟೆನಲ್ಲ, ಅದೇ 16 ದಿನದಲ್ಲಿ 1.229ರವು 13 ಸುತ್ತು, 0.843ರವು 19 ಸುತ್ತು. ಪುಸ್ತಕದ ಸಾಲುಗಳಿಗೆ ಮೂರೂ ಒಂದೇ.

1.229ನ್ನು ಹಿಡಿಯಲು ಹೊಸ ಅಳತೆಯೇ ಬೇಕಾಗಲಿಲ್ಲ. ಒಂದರಿಂದ ಕಳೆದಾಗ ಬರುವ ಸುಳ್ಳು ಅವಧಿಯಲ್ಲಿ ಸಮಯ ಹಿಂದುಮುಂದಾಗುತ್ತದೆ. ಕನ್ನಡಿಯಲ್ಲಿ ನೋಡಿದ ಹಾಗೆ ಗೆರೆ ತಿರುವುಮುರುವು. 5.37ಕ್ಕೆ ಮಡಚಿದಾಗ ಹೊಳಪು ಒಂದೂವರೆ ದಿನದಲ್ಲಿ ಸರ್ರನೆ ಏರಿ, ಆಮೇಲೆ ಸುಮಾರು ನಾಲ್ಕು ದಿನ ಮೆಲ್ಲಗೆ ಇಳಿಯುತ್ತದೆ. 1.229ಕ್ಕೆ ಮಡಚಿದಾಗ ಮೆಲ್ಲಗೆ ಏರಿ ಸರ್ರನೆ ಬೀಳುತ್ತದೆ. ಡೆಲ್ಟಾ ಸೆಫೈನಂಥ ಸೆಫೀಡ್ ಹಾಗೆ ನಡೆದುಕೊಳ್ಳುವುದಿಲ್ಲ. ಆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಆದ ಸಂತೋಷ ಇಡೀ ಕೆಲಸದಲ್ಲಿ ಇನ್ಯಾವಾಗಲೂ ಆಗಿಲ್ಲ.

0.843 ಹಾಗಲ್ಲ. ಅದರಲ್ಲಿ ಗೆರೆಯ ಆಕಾರ ಸರಿಯಾಗಿಯೇ ಇರುತ್ತದೆ. ಅದನ್ನು ಬಿಡಿಸಲು ಒಂದೇ ರಾತ್ರಿ ಎರಡು ಸಲ ಅಳೆಯಬೇಕು, ನಡುವೆ ಆದಷ್ಟು ಜಾಸ್ತಿ ಅಂತರ ಇಟ್ಟು. 55ನೇ ರಾತ್ರಿ 7 ಗಂಟೆ 40 ನಿಮಿಷಕ್ಕೆ ಒಂದು ಸರಣಿ, ನಡುರಾತ್ರಿ ದಾಟಿ 1 ಗಂಟೆ 50 ನಿಮಿಷಕ್ಕೆ ಇನ್ನೊಂದು. ಮೊದಲನೆಯದು 4.12, ಎರಡನೆಯದು 3.95. ನಕ್ಷತ್ರ ಏರುತ್ತಿತ್ತು, ಆರು ಗಂಟೆಯಲ್ಲಿ 0.17. ಅವಧಿ 0.843 ಆಗಿದ್ದರೆ ಅಷ್ಟು ಹೊತ್ತಿನಲ್ಲಿ ಸುತ್ತಿನ ಶೇಕಡಾ 30 ಮುಗಿದಿರುತ್ತಿತ್ತು, ತುತ್ತತುದಿ ದಾಟಿ ಇಳಿಯಲು ಶುರುಮಾಡಿ 3.6ರ ಆಸುಪಾಸಿನಲ್ಲಿ ಇರಬೇಕಿತ್ತು. 5.37ಕ್ಕೆ ಸುತ್ತಿನ ಶೇಕಡಾ 5 ಮಾತ್ರ, ಏರುವ ಭಾಗದಲ್ಲಿ ಅಷ್ಟಕ್ಕೆ 0.17 ಸರಿಹೊಂದುತ್ತದೆ. ಇನ್ನೆರಡು ರಾತ್ರಿ ಹೀಗೇ ಜೋಡಿ ಅಳತೆ ತೆಗೆದು ಪ್ರೋಗ್ರಾಂಗೆ ಕೊಟ್ಟೆ. ಮೊತ್ತ ಸಣ್ಣದಾಗಿ ಕಂಡಿದ್ದ ಮೂರು ಗುಂಡಿಗಳಲ್ಲಿ ಎರಡು ಮುಚ್ಚಿಹೋದವು.

ಕೊನೆಗೆ ಬಂದ ಅವಧಿ 5.37 ದಿನ, 0.02 ಆಚೀಚೆ. ಒಪ್ಪಿತ ಅಂಕಿ 5.366.

ಯಾಕೆ ಹೀಗೆ

ಅವಧಿಗೂ ಪ್ರಖರತೆಗೂ ಏನು ನಂಟು ಅಂತ ಕೇಳಿದರೆ, ನಡುವೆ ನಿಂತಿರುವುದು ನಕ್ಷತ್ರದ ಗಾತ್ರ. ದೊಡ್ಡ ಗಂಟೆ ನಿಧಾನವಾಗಿ ಕಂಪಿಸುತ್ತದೆ, ಸಣ್ಣ ಗೆಜ್ಜೆ ಬೇಗ ಬೇಗ. ನಕ್ಷತ್ರವೂ ಹಾಗೇ. ಹರಡಿಕೊಂಡ, ಸಾಂದ್ರತೆ ಕಡಿಮೆ ಇರುವ ದೊಡ್ಡ ನಕ್ಷತ್ರದಲ್ಲಿ ಒಂದು ಸಲ ಹಿಗ್ಗಿ ಕುಗ್ಗಲು ಜಾಸ್ತಿ ದಿನ ಹಿಡಿಯುತ್ತದೆ. ಮೈ ದೊಡ್ಡದಿದ್ದಷ್ಟೂ ಬೆಳಕು ಸೂಸುವ ಜಾಗವೂ ದೊಡ್ಡದು. ಸೆಫೀಡ್‌ಗಳ ತಾಪಮಾನದಲ್ಲಿ ಅಷ್ಟೇನೂ ಅಂತರ ಇಲ್ಲದ್ದರಿಂದ ದೊಡ್ಡದೇ ಪ್ರಖರವಾದದ್ದು. ಡೆಲ್ಟಾ ಸೆಫೈ ಸೂರ್ಯನಿಗಿಂತ ನಲವತ್ತಕ್ಕೂ ಹೆಚ್ಚು ಪಟ್ಟು ಅಗಲ, ಸುಮಾರು 2000 ಪಟ್ಟು ಪ್ರಖರ.

ಮಿಡಿತ ನಿಲ್ಲದೆ ನಡೆಯುವುದಕ್ಕೆ ಕಾರಣ ಹೀಲಿಯಂ. ನಕ್ಷತ್ರದ ಹೊರಪದರದ ಕೆಳಗೆ ಒಂದು ಆಳದಲ್ಲಿ, ಒತ್ತಡ ಬಿದ್ದು ಬಿಸಿಯಾದಾಗ ಹೀಲಿಯಂ ತನ್ನ ಎರಡನೇ ಎಲೆಕ್ಟ್ರಾನನ್ನೂ ಕಳೆದುಕೊಳ್ಳುತ್ತದೆ. ಆಗ ಅದು ಬೆಳಕನ್ನು ಸುಲಭವಾಗಿ ಬಿಡುವುದಿಲ್ಲ. ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಶಾಖ ಕೆಳಗೆ ಕೂಡಿಕೊಂಡು ಪದರವನ್ನು ಮೇಲಕ್ಕೆ ದೂಡುತ್ತದೆ. ಮೇಲೆ ಹೋದಾಗ ತಣ್ಣಗಾಗಿ ಎಲೆಕ್ಟ್ರಾನ್ ಮರಳಿ ಅಂಟಿಕೊಳ್ಳುತ್ತದೆ, ಮುಚ್ಚಳ ತೆರೆದುಕೊಳ್ಳುತ್ತದೆ, ಶಾಖ ಹೊರಗೆ ಹೋಗುತ್ತದೆ, ಪದರ ಮತ್ತೆ ಕೆಳಗೆ ಬೀಳುತ್ತದೆ.

ಈ ನಂಟನ್ನು ಕಂಡುಹಿಡಿದವರು ಹೆನ್ರಿಯೆಟಾ ಲೆವಿಟ್, ಹಾರ್ವರ್ಡ್ ಕಾಲೇಜ್ ವೀಕ್ಷಣಾಲಯದಲ್ಲಿ. ಪೆರುವಿನ ಅರೆಕಿಪಾದಲ್ಲಿ ತೆಗೆದ ಗಾಜಿನ ಫಲಕಗಳನ್ನು ನೋಡಿ ನೋಡಿ ಮೆಗಲನ್ ಮೋಡಗಳಲ್ಲಿ (ನಮ್ಮ ಗ್ಯಾಲಕ್ಸಿಯ ನೆರೆಯ ಎರಡು ಪುಟ್ಟ ಗ್ಯಾಲಕ್ಸಿಗಳು) 1777 ಬದಲಾಗುವ ನಕ್ಷತ್ರಗಳನ್ನು ಪಟ್ಟಿ ಮಾಡಿದರು, 1908ರಲ್ಲಿ ಅದು ಪ್ರಕಟವಾಯಿತು. ಹೊಳೆಯುವ ನಕ್ಷತ್ರಗಳ ಅವಧಿ ಜಾಸ್ತಿ ಅನ್ನುವ ಮಾತು ಅದರಲ್ಲೇ ಇದೆ. 1912ರಲ್ಲಿ ಕಿರಿಯ ಮೆಗಲನ್ ಮೋಡದ 25 ನಕ್ಷತ್ರಗಳನ್ನು, 1.25 ದಿನದಿಂದ 127 ದಿನದವರೆಗಿನ ಅವಧಿಯವು, ಒಂದು ನೇರ ಗೆರೆ ಮೇಲೆ ಕೂರಿಸಿ ತೋರಿಸಿದರು. ಅವರು ಆ ಮೋಡವನ್ನು ಆರಿಸಿಕೊಂಡದ್ದರಲ್ಲೇ ಅರ್ಧ ಉತ್ತರ ಇದೆ. ಅಲ್ಲಿನ ನಕ್ಷತ್ರಗಳೆಲ್ಲ ನಮ್ಮಿಂದ ಹೆಚ್ಚೂ ಕಡಿಮೆ ಒಂದೇ ದೂರ. ಹಾಗಾಗಿ ಹೊಳೆಯುವುದು ನಿಜಕ್ಕೂ ಪ್ರಖರವೇ, ಹತ್ತಿರ ಇರುವುದರಿಂದ ಹಾಗೆ ಕಾಣುತ್ತಿದೆ ಅನ್ನುವ ಗೊಂದಲವೇ ಇಲ್ಲ. ದೂರ ಗೊತ್ತಿಲ್ಲದೆಯೇ ದೂರ ಅಳೆಯುವ ಕೋಲು ಸಿಕ್ಕಿತು. ನಾನು ಎರಡು ತಿಂಗಳು ಒಂದೇ ನಕ್ಷತ್ರದ ಜೊತೆ ಹೆಣಗಿದ ಮೇಲೆ, ಅವರು ಗಾಜಿನ ಮೇಲಿನ ಚುಕ್ಕೆಗಳನ್ನು ಕಣ್ಣಳತೆಯಲ್ಲಿ ಹೋಲಿಸಿ ಇಷ್ಟು ಮಾಡಿದರು ಅನ್ನುವುದರ ತೂಕ ನನಗೆ ಬೇರೆ ಥರ ಗೊತ್ತಾಗುತ್ತದೆ.

68ನೇ ರಾತ್ರಿ: ದೂರ

ಸರಾಸರಿ ಹೊಳಪು ತೆಗೆಯುವಾಗ ಎರಡು ವಿಷಯ ನೋಡಿಕೊಂಡೆ. ಮೊದಲನೆಯದು, ಇರುವ ಅಳತೆಗಳನ್ನೆಲ್ಲ ಕೂಡಿ ಭಾಗಿಸಬಾರದು. ನನ್ನ ಹತ್ತಿರ ಇಳಿಯುವ ಭಾಗದ ಚುಕ್ಕೆ ಜಾಸ್ತಿ, ಏರುವ ಭಾಗದವು ಕಡಿಮೆ ಇದ್ದವು. ಸುತ್ತನ್ನು ಹತ್ತು ಸಮಭಾಗ ಮಾಡಿ, ಪ್ರತಿ ಭಾಗದ ಸರಾಸರಿ ತೆಗೆದು, ಆ ಹತ್ತರ ಸರಾಸರಿ ತೆಗೆದುಕೊಂಡೆ. ಎರಡನೆಯದು, ಕಾಂತಿಮಾನಗಳ ಸರಾಸರಿ ಅಲ್ಲ, ಬೆಳಕಿನ ಸರಾಸರಿ. ಕಾಂತಿಮಾನವನ್ನು ಬೆಳಕಿಗೆ ಬದಲಾಯಿಸಿ, ಸರಾಸರಿ ಮಾಡಿ, ಮತ್ತೆ ಕಾಂತಿಮಾನಕ್ಕೆ ತಂದೆ. ಬಂದದ್ದು 3.96.

ಸೂತ್ರಕ್ಕೆ ಹಬಲ್ ದೂರದರ್ಶಕದಿಂದ ಹತ್ತು ಸೆಫೀಡ್‌ಗಳ ದೂರವನ್ನು ನೇರವಾಗಿ ಅಳೆದು 2007ರಲ್ಲಿ ಪ್ರಕಟಿಸಿದ ಗೆರೆಯನ್ನು ಬಳಸಿದೆ:

ನಿಜ ಕಾಂತಿಮಾನ = −4.05 − 2.43 × (ಅವಧಿಯ ಲಾಗ್ − 1)

ನಿಜ ಕಾಂತಿಮಾನ ಅಂದರೆ ನಕ್ಷತ್ರವನ್ನು 10 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ) ದೂರದಲ್ಲಿಟ್ಟರೆ ಕಾಣುವ ಹೊಳಪು. 5.37ರ ಲಾಗ್ 0.730. ನಿಜ ಕಾಂತಿಮಾನ −3.39 ಬಂತು. ಕಾಣುವ ಹೊಳಪಿಗೂ ಇದಕ್ಕೂ ಅಂತರ 7.35. ಅದಕ್ಕೆ 5 ಸೇರಿಸಿ, 5ರಿಂದ ಭಾಗಿಸಿ, 10ರ ಘಾತ ಮಾಡಿದರೆ ದೂರ 296 ಪಾರ್ಸೆಕ್, ಅಂದರೆ ಸುಮಾರು 965 ಜ್ಯೋತಿರ್ವರ್ಷ.

ಇದು ಜಾಸ್ತಿಯಾಯಿತು. ಹಬಲ್ ನೇರವಾಗಿ ಅಳೆದದ್ದು 273 ಪಾರ್ಸೆಕ್. ಬಿಟ್ಟುಹೋದದ್ದು ಧೂಳು. ನಕ್ಷತ್ರಗಳ ನಡುವಿನ ಧೂಳು ಡೆಲ್ಟಾದ ಬೆಳಕನ್ನು 0.23 ಕಾಂತಿಮಾನದಷ್ಟು ತಿನ್ನುತ್ತದೆ. ಅದನ್ನು ಕಳೆದು ಲೆಕ್ಕ ಹಾಕಿದರೆ 266 ಪಾರ್ಸೆಕ್, ಸುಮಾರು 870 ಜ್ಯೋತಿರ್ವರ್ಷ. ಹಬಲ್ ಅಳತೆಗೆ ಹೋಲಿಸಿದರೆ ವ್ಯತ್ಯಾಸ ಶೇಕಡಾ 3ರ ಒಳಗೆ. ಆ ಅಂಕಿ ಪರದೆ ಮೇಲೆ ಬಂದಾಗ ಎದ್ದು ಹೊರಗೆ ಹೋಗಿ ಆ ನಕ್ಷತ್ರವನ್ನು ಇನ್ನೊಂದು ಸಲ ನೋಡಿ ಬಂದೆ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ, ನನಗೆ ಇದೇ ಮುಖ್ಯ ಅನ್ನಿಸಿದ್ದು. ನನ್ನ ಅವಧಿಯಲ್ಲಿ 0.02 ದಿನ ತಪ್ಪಿದ್ದರೆ ದೂರದಲ್ಲಿ ತಪ್ಪುವುದು ಅರ್ಧ ಪಾರ್ಸೆಕ್. ಹೊಳಪಿನಲ್ಲಿ 0.1 ತಪ್ಪಿದರೆ 12 ಪಾರ್ಸೆಕ್. ಧೂಳು ಮರೆತರೆ 30 ಪಾರ್ಸೆಕ್. ಅವಧಿ ಒಂದು ಸಲ ಸರಿಯಾದದ್ದು ಸಿಕ್ಕಿತು ಅಂದರೆ ಅದು ಗಟ್ಟಿ. ಜೆಪೆಗ್, ತುಂಬಿದ ಪಿಕ್ಸೆಲ್, ಬಣ್ಣ, ಇಬ್ಬನಿ, ಧೂಳು, ನಾನು ಹೋರಾಡಿದ್ದೆಲ್ಲ ಬೆಳಕಿನ ಜೊತೆ. ಇದು ಸಣ್ಣ ಕ್ಯಾಮೆರಾಗೆ ಮಾತ್ರ ಬಂದ ಕಷ್ಟ ಅಲ್ಲ. 1923ರಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಆಂಡ್ರೊಮೆಡಾ ಗ್ಯಾಲಕ್ಸಿಯಲ್ಲಿ ಒಂದು ಸೆಫೀಡ್ ಕಂಡು, 31.4 ದಿನದ ಅವಧಿಯಿಂದ ಅದು ನಮ್ಮ ಗ್ಯಾಲಕ್ಸಿಯ ಆಚೆ ಇದೆ ಅಂತ ತೋರಿಸಿದರು. ಅವಧಿ ಸರಿ ಇತ್ತು, ಆ ಅವಧಿಗೆ ಎಷ್ಟು ಪ್ರಖರತೆ ಅನ್ನುವುದು ತಪ್ಪಿತ್ತು. ಮಿಡಿಯುವ ನಕ್ಷತ್ರಗಳಲ್ಲಿ ಎರಡು ಬಗೆ ಇವೆ, ಒಂದೇ ಅವಧಿಗೆ ಎರಡನೇ ಬಗೆ ಸುಮಾರು 1.5 ಕಾಂತಿಮಾನ ಮಂಕು ಅಂತ ವಾಲ್ಟರ್ ಬಾಡೆ ಬಿಡಿಸಿ ಹೇಳಿದ ಮೇಲೆ, 1952ರಲ್ಲಿ, ಆಂಡ್ರೊಮೆಡಾದ ದೂರ ಎರಡರಷ್ಟಾಯಿತು.

ನೀವು ಇದನ್ನು ಮಾಡಲು ಹೊರಟರೆ ಧ್ರುವ ನಕ್ಷತ್ರದಿಂದ ಶುರು ಮಾಡಬೇಡಿ. ಅದೂ ಸೆಫೀಡೇ, ಅವಧಿ ಸುಮಾರು 4 ದಿನ. ಆದರೆ ಏರಿಳಿತ ತುಂಬಾ ಸಣ್ಣದು, ಮಿಡಿತದ ಬಗೆಯೂ ಬೇರೆ, ಮೇಲಿನ ಸೂತ್ರ ಅದಕ್ಕೆ ನೇರವಾಗಿ ಒಪ್ಪುವುದಿಲ್ಲ.

ಈಗ ನಡೆಯುತ್ತಿರುವುದು

ಗರುಡ ಪುಂಜದ ಈಟಾ ಅಕ್ವಿಲೇಯನ್ನೂ ಜೊತೆಯಲ್ಲೇ ಅಳೆಯುತ್ತಿದ್ದೆ. ಎಡ್ವರ್ಡ್ ಪಿಗಟ್ 1784ರಲ್ಲಿ, ಗುಡ್‌ರಿಕ್‌ಗಿಂತ ಸ್ವಲ್ಪ ಮೊದಲು, ಪತ್ತೆ ಮಾಡಿದ ನಕ್ಷತ್ರ ಇದು. ಅವಧಿ 7.18 ದಿನ ಬಂತು, ಸರಾಸರಿ ಹೊಳಪು 3.90. ಇಳಿಯುವ ಕಡೆ ಗೆರೆಯಲ್ಲಿ ಒಂದು ಸಣ್ಣ ಗೂನು ಇತ್ತು. ಮೊದಲು ಹೋಲಿಕೆಯ ನಕ್ಷತ್ರದಲ್ಲೇ ಏನೋ ತಪ್ಪಿದೆ ಅಂತ ಎಲ್ಲವನ್ನೂ ಮತ್ತೆ ಅಳೆದೆ. ಮೂರು ಸುತ್ತಿನಲ್ಲೂ ಅದೇ ಜಾಗದಲ್ಲಿ ಗೂನು ಬಂದಾಗ ಅದು ನಕ್ಷತ್ರದ್ದೇ ಅಂತ ಖಾತ್ರಿಯಾಯಿತು. ಈ ಅವಧಿಯ ಆಸುಪಾಸಿನ ಸೆಫೀಡ್‌ಗಳಲ್ಲಿ ಅದು ಇದ್ದದ್ದೇ. ಧೂಳು ಮರೆತು ಲೆಕ್ಕ ಹಾಕಿದರೆ ದೂರ 331 ಪಾರ್ಸೆಕ್. ಇಲ್ಲಿ ಧೂಳು ಇನ್ನೂ ಜಾಸ್ತಿ, ಸುಮಾರು 0.4. ಅದನ್ನು ಕಳೆದರೆ 275ಕ್ಕೆ ಇಳಿಯುತ್ತದೆ.

ಮೂರನೆಯದು ಮಿಥುನದ ಝೀಟಾ ಜೆಮಿನೋರಮ್, ಅವಧಿ 10.15 ದಿನ. ಕಣ್ಣಿಗೆ ಈ ಮೂರೂ ಸರಾಸರಿಯಲ್ಲಿ ಹೆಚ್ಚೂ ಕಡಿಮೆ ಒಂದೇ ಹೊಳಪು, 3.9ರ ಆಸುಪಾಸು. ಅವಧಿ ಮಾತ್ರ 5, 7, 10. ಮಿಥುನದ ಈ ಝೀಟಾ ಕಡೆಗೆ ಧೂಳು ತುಂಬಾ ಕಡಿಮೆ, ಹಾಗಾಗಿ ಮೂರರಲ್ಲಿ ಅದೇ ದೂರದ್ದು ಅಂತ ಗೊತ್ತಾಗಬೇಕು. ಅದು ಈಗಷ್ಟೇ ತಡರಾತ್ರಿ ಮೇಲೆ ಬರುತ್ತಿದೆ, ನಾಲ್ಕು ಅಳತೆ ಸಿಕ್ಕಿವೆ. ಡೆಲ್ಟಾ ಹಾಗೆ ಅದು ಸರ್ರನೆ ಏರಿ ಮೆಲ್ಲಗೆ ಇಳಿಯುವುದಿಲ್ಲ. ಏರುವುದೂ ಇಳಿಯುವುದೂ ಹೆಚ್ಚೂ ಕಡಿಮೆ ಸಮ, ಹಾಗಾಗಿ ಕನ್ನಡಿಯ ಉಪಾಯ ಅಲ್ಲಿ ನಡೆಯುವುದಿಲ್ಲ, 1.109 ದಿನದ ಸುಳ್ಳು ಅವಧಿಯೂ ನಿಜದ ಹಾಗೇ ಕಾಣುತ್ತದೆ. ಅದಕ್ಕೆ ಈ ಸಲ ಮೊದಲ ರಾತ್ರಿಯಿಂದಲೇ ಎರಡೆರಡು ಸರಣಿ ತೆಗೆಯುತ್ತಿದ್ದೇನೆ. ಅದು ಮೇಲೆ ಬಂದ ಕೂಡಲೇ ಒಂದು, ಬೆಳಗಾಗುವ ಮುಂಚೆ ಇನ್ನೊಂದು.